ಕೆಲಸಕ್ಕೆ ಮರಳುವಾಗ ಧರಿಸುವ ಬ್ರೆಸ್ಟ್ ಪಂಪ್: ಏನನ್ನು ನೋಡಿ ಕೊಳ್ಳಬೇಕು?

ತುಮಕೂರಿನ ಬಾಣಂತಿ:
ಎಲ್ಲರಿಗೂ ನಮಸ್ಕಾರ. ಹೆರಿಗೆ ರಜೆಯ 26 ವಾರಗಳಲ್ಲಿ ಕೆಲವನ್ನು ಹೆರಿಗೆಗೆ ಮುಂಚೆಯೇ ಬಳಸಿಕೊಂಡಿದ್ದರಿಂದ, ಮಗಳಿಗೆ ಐದು ತಿಂಗಳು ತುಂಬುವಷ್ಟರಲ್ಲಿ ನಾನು ಬ್ಯಾಂಕಿನ ಕೆಲಸಕ್ಕೆ ಹಾಜರಾಗಬೇಕಾಗಿದೆ. ಮನೆ ಬಿಟ್ಟು ಮನೆ ಸೇರುವಷ್ಟರಲ್ಲಿ ಹತ್ತು ಗಂಟೆ ಕಳೆದಿರುತ್ತದೆ, ಅಲ್ಲಿಯವರೆಗೆ ಮಗಳನ್ನು ಅತ್ತೆ ನೋಡಿಕೊಳ್ಳುತ್ತಾರೆ. ಶಾಖೆಯಲ್ಲಿ ಒಳಚಿಲಕವಿರುವುದು ಹಳೆಯ ಕಡತಗಳ ಕೊಠಡಿಗೆ ಮಾತ್ರ, ಅಲ್ಲಿ ಪ್ಲಗ್ ಪಾಯಿಂಟ್ ಇಲ್ಲ. ಆದ್ದರಿಂದ ವೈರು, ಟ್ಯೂಬುಗಳಿಲ್ಲದೆ ಬ್ರಾ ಒಳಗೇ ಇಟ್ಟುಕೊಂಡು ಎದೆಹಾಲು ತೆಗೆಯುವ ಪಂಪ್ ಕೊಳ್ಳೋಣವೆಂದಿದ್ದೇನೆ. ಎಲ್ವಿ, ವಿಲ್ಲೋ, ಮೊಮ್‌ಕೋಜಿ, ಮೆಡೆಲಾ ಎಂದು ಹಲವು ಹೆಸರುಗಳು ಕಣ್ಣಿಗೆ ಬೀಳುತ್ತವೆ, ಬೆಲೆಗಳಲ್ಲಿ ಅಜಗಜಾಂತರವಿದೆ. ಹೆಚ್ಚು ಬೆಲೆಯದು ಹೆಚ್ಚು ಹಾಲು ತೆಗೆಯುತ್ತದೆಯೇ? ಜೊತೆಗೆ, ನನ್ನ ಅಕ್ಕ ತಾನು ಬಳಸಿದ ಪಂಪನ್ನೇ ಕೊಡುತ್ತೇನೆ ಎನ್ನುತ್ತಿದ್ದಾಳೆ. ಬೇಡವೆಂದರೆ ಅವಳಿಗೆ ಬೇಸರ, ತೆಗೆದುಕೊಳ್ಳಲು ನನಗೆ ಅಳುಕು.

ಎರಡು ಮಕ್ಕಳ ತಾಯಿ, ಬೆಂಗಳೂರು:
ಇಂಥ ಪಂಪು ಹಾಕಿಕೊಂಡು ಎಲ್ಲ ಕೆಲಸವನ್ನೂ ಮಾಡಬಹುದೆಂಬ ಜಾಹೀರಾತಿನ ಮಾತನ್ನು ಅರ್ಧದಷ್ಟು ನಂಬಿದರೆ ಸಾಕು. ಕುಳಿತು ಟೈಪ್ ಮಾಡಬಹುದು, ಫೋನಿನಲ್ಲಿ ಮಾತನಾಡಬಹುದು. ಆದರೆ ಕೆಳಗಿನ ಡ್ರಾಯರಿಗೆ ಬಗ್ಗಿದರೆ ಅನೇಕ ಮಾದರಿಗಳಲ್ಲಿ ಹಾಲು ಮೇಲಿನ ಸಂದಿಯಿಂದ ಸೋರಿ ಕುಪ್ಪಸ ಒದ್ದೆಯಾಗುತ್ತದೆ. ದುಪಟ್ಟಾದಡಿ ಉಬ್ಬು ಮರೆಯಾದರೂ ಮೋಟಾರಿನ ಗುಂಯ್‌ಗುಡುವ ಸದ್ದು ಪಕ್ಕದವರಿಗೆ ಕೇಳಿಸುತ್ತದೆ, ಹಾಗಾಗಿ ಕೌಂಟರಿನಲ್ಲಿ ಕುಳಿತು ಬಳಸುವ ಆಸೆ ಬೇಡ. ನಿಮ್ಮ ಕಡತದ ಕೊಠಡಿಯೇ ಸಾಕು, ಒಂದು ಕುರ್ಚಿ ಹಾಕಿಸಿಕೊಳ್ಳಿ. ಬ್ರಾ ತೀರ ಬಿಗಿಯಾದರೆ ಪಂಪಿನ ಕಪ್ ಎದೆಯನ್ನು ಒತ್ತಿ ಹಾಲು ಸರಿಯಾಗಿ ಇಳಿಯುವುದಿಲ್ಲ, ಸಡಿಲವಾದರೆ ಗಾಳಿ ನುಗ್ಗಿ ಹಿಡಿತ ತಪ್ಪುತ್ತದೆ.

ನಾನಾಗಿದ್ದರೆ ಬ್ರ್ಯಾಂಡಿಗಿಂತ ಮೊದಲು ಬಿಡಿಭಾಗಗಳನ್ನು ವಿಚಾರಿಸುತ್ತೇನೆ. ಬಾತುಕೋಳಿಯ ಕೊಕ್ಕಿನಂತಿರುವ ಆ ಪುಟ್ಟ ಸಿಲಿಕಾನ್ ವಾಲ್ವಿನ ತುದಿಯ ಸೀಳು ಬಳಸುತ್ತ ಬಳಸುತ್ತ ಅಗಲವಾಗುತ್ತದೆ. ಆಗ ಮೋಟಾರು ಚೆನ್ನಾಗಿಯೇ ಓಡಿದರೂ ಎಳೆತ ಕಡಿಮೆಯಾಗುತ್ತದೆ, ತಾಯಿಯಾದವಳು ತನಗೇ ಹಾಲು ಬತ್ತಿತೆಂದು ಹೆದರುತ್ತಾಳೆ. ಬದಲಿ ವಾಲ್ವು ಇಲ್ಲಿಯೇ ಸಿಗದ ಪಂಪು ಎಷ್ಟು ಹೆಸರಾಂತದ್ದಾದರೂ ಪ್ರಯೋಜನವಿಲ್ಲ.

ಸ್ತನ್ಯಪಾನ ಸಲಹೆಗಾರ್ತಿ, ಮೈಸೂರು:
ಮೇಲಿನವರ ಮಾತಿಗೆ ನನ್ನ ಒಪ್ಪಿಗೆಯಿದೆ, ಆದರೆ ವಾಲ್ವಿಗಿಂತ ಮೊದಲು ನೋಡಬೇಕಾದದ್ದು ಫ್ಲ್ಯಾಂಜಿನ, ಅಂದರೆ ತೊಟ್ಟು ಒಳಸೇರುವ ನಾಳವಿರುವ ಆಲಿಕೆಯಂಥ ಭಾಗದ ಅಳತೆ. ಡಬ್ಬಿಯಲ್ಲಿ ಸಾಮಾನ್ಯವಾಗಿ 24 ಮಿ.ಮೀ.ನದು ಬರುತ್ತದೆ, ಅನೇಕರಿಗೆ ಅದು ದೊಡ್ಡದಾಗುತ್ತದೆ. ಹಾಲು ತೆಗೆಯುವ ಮುಂಚೆ, ಸುತ್ತಲಿನ ಕಪ್ಪು ಭಾಗವನ್ನು ಬಿಟ್ಟು ತೊಟ್ಟಿನ ಬುಡದ ಅಗಲವನ್ನಷ್ಟೇ ಅಳೆದು, ಅದಕ್ಕೆ ಸಮನಾದ ಅಥವಾ ಎರಡು ಮೂರು ಮಿ.ಮೀ. ಹೆಚ್ಚಿನ ಇನ್ಸರ್ಟ್ (ಫ್ಲ್ಯಾಂಜಿನ ಅಗಲ ತಗ್ಗಿಸಲು ಒಳಗೆ ಕೂರಿಸುವ ತುಂಡು) ಹಾಕಿ ನೋಡಿ. ಎರಡೂ ಕಡೆಯ ಅಳತೆ ಒಂದೇ ಆಗಿರಬೇಕೆಂದಿಲ್ಲ. ತೊಟ್ಟು ನಾಳದೊಳಗೆ ಸಲೀಸಾಗಿ ಮುಂದೆ ಹಿಂದೆ ಸರಿಯಬೇಕು, ಕಪ್ಪು ಭಾಗ ಹೆಚ್ಚು ಒಳಕ್ಕೆ ಹೋಗಬಾರದು. 300 ಎಂಎಂಎಚ್‌ಜಿ (ಎಳೆತದ ಬಲವನ್ನು ಅಳೆಯುವ ಮಾನ) ಎಳೆತವಿದೆ ಎಂಬ ಸಂಖ್ಯೆಗೆ ಮಾರುಹೋಗಬೇಡಿ, ಏಕೆಂದರೆ ನೋವಾದರೆ ಹಾಲು ಇಳಿಸುವ ಆಕ್ಸಿಟೋಸಿನ್ ಹಾರ್ಮೋನಿಗೇ ತಡೆಯಾಗುತ್ತದೆ. ಮೊದಲು ಬೇಗ ಬೇಗ ಹಗುರವಾಗಿ ಎಳೆಯುವ ಮೋಡ್, ಹಾಲು ಜಿನುಗತೊಡಗಿದ ಮೇಲೆ ನಿಧಾನವಾಗಿ ಆಳಕ್ಕೆ ಎಳೆಯುವ ಮೋಡ್, ನಿಮಗೆ ಹಿತವೆನಿಸುವ ಮಟ್ಟದಲ್ಲಿ ಬಳಸಿ.

ಕೆಲವರಿಗೆ ಧರಿಸುವ ಪಂಪಿನಲ್ಲಿ ಎದೆ ಪೂರ್ತಿ ಖಾಲಿಯಾಗುವುದಿಲ್ಲ. ತೆಗೆದ ಮೇಲೂ ಗಂಟುಗಂಟಾಗಿ ಉಳಿದರೆ ಕೈಯಿಂದ ಸ್ವಲ್ಪ ಹಿಂಡಿ. ಕೆಂಪಾಗಿ ಜ್ವರ ಬಂದರೆ ತಡಮಾಡದೆ ವೈದ್ಯರ ಬಳಿ ಹೋಗಿ. ಅಕ್ಕನ ಪಂಪಿನ ವಿಷಯ: ಒಬ್ಬರ ಬಳಕೆಗೆಂದು ಮಾಡಿದ ಪಂಪನ್ನು ಹಂಚಿಕೊಳ್ಳಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಹೇಳುತ್ತದೆ, ಕಪ್ ಮತ್ತು ವಾಲ್ವುಗಳನ್ನು ಬದಲಾಯಿಸಿದರೂ ಮೋಟಾರಿನೊಳಗೆ ಹಾಲಿನ ಕಣಗಳು ಸೇರಿರಬಹುದು. ಡಾಕ್ಟರು ಬೇಡವೆಂದರು ಎಂದುಬಿಡಿ, ಅಕ್ಕ ಬೇಸರಿಸುವುದಿಲ್ಲ.

ತುಮಕೂರಿನ ಬಾಣಂತಿ:
ಧನ್ಯವಾದಗಳು ಮೇಡಂ, ಅಕ್ಕನಿಗೆ ಹಾಗೆಯೇ ಹೇಳುತ್ತೇನೆ. ದಿನಕ್ಕೆ ಎಷ್ಟು ಹಾಲು ಬೇಕಾದೀತು? ಮ್ಯಾನೇಜರರನ್ನು ಸಮಯ ಕೇಳಲು ಸಂಕೋಚವಾಗುತ್ತಿದೆ.

ಸ್ತನ್ಯಪಾನ ಸಲಹೆಗಾರ್ತಿ, ಮೈಸೂರು:
ನೀವು ದೂರವಿರುವ ಪ್ರತಿ ಗಂಟೆಗೆ 30ರಿಂದ 45 ಮಿ.ಲೀ. ಎಂದು ಲೆಕ್ಕ ಹಾಕಿದರೆ ಹತ್ತು ಗಂಟೆಗೆ 300ರಿಂದ 450 ಮಿ.ಲೀ. ಆಗುತ್ತದೆ. ಮೂರು ಗಂಟೆಗೊಮ್ಮೆ ತೆಗೆದರೆ ಇದು ಅಸಾಧ್ಯವೇನಲ್ಲ. ಬೆಳಿಗ್ಗೆ, ಸಂಜೆ, ರಾತ್ರಿ ಹೇಗೂ ಮಗುವೇ ಕುಡಿಯುತ್ತದೆ. ಸಂಕೋಚವೇಕೆ? ಮಗುವಿಗೆ 15 ತಿಂಗಳು ತುಂಬುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕೆಂಬ ನಿಯಮ 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಕಾಲದಿಂದಲೂ ಇದೆ.

ಮೊಮ್ಮಗನನ್ನು ನೋಡಿಕೊಳ್ಳುವ ಅಜ್ಜಿ, ಹಾಸನ:
ಪಂಪಿನ ವಿಷಯ ನನಗೆ ತಿಳಿಯದಮ್ಮ, ಆದರೆ ನನ್ನ ಸೊಸೆ ತಂದಿಟ್ಟ ಹಾಲನ್ನು ಕುಡಿಸುವವಳು ನಾನು. ಫ್ರಿಜ್ಜಿನಲ್ಲಿಟ್ಟ ಎದೆಹಾಲಿನ ಮೇಲೆ ಕೆನೆ ಬೇರೆಯಾಗಿ ನಿಲ್ಲುತ್ತದೆ, ಅದನ್ನು ಕೆಟ್ಟಿತೆಂದು ಚೆಲ್ಲಬಾರದೆಂದು ನಿಮ್ಮ ಅತ್ತೆಯವರಿಗೆ ಮೊದಲೇ ಹೇಳಿಡಿ. ಒಲೆಯ ಮೇಲೆ ಕಾಯಿಸದೆ, ಬಿಸಿನೀರಿನ ಬಟ್ಟಲಿನಲ್ಲಿಟ್ಟು ಮೆಲ್ಲಗೆ ಅಲ್ಲಾಡಿಸಿದರೆ ಕೆನೆ ಬೆರೆಯುತ್ತದೆ. ಫ್ರಿಜ್ಜಿನಲ್ಲಿ ನಾಲ್ಕು ದಿನದವರೆಗೆ ಇಡಬಹುದೆಂದು ನಮ್ಮ ಮಕ್ಕಳ ಡಾಕ್ಟರು ಹೇಳಿದ್ದಾರೆ. ನಿಮ್ಮ ಬ್ಯಾಂಕಿನಲ್ಲಿ ಫ್ರಿಜ್ಜಿಲ್ಲದಿದ್ದರೆ ಐಸ್ ಪ್ಯಾಕ್ ಇಟ್ಟ ಚೀಲ ಬೇಕು. ಬಾಟಲಿಗೆ ಮಗು ಒಗ್ಗದಿದ್ದರೆ ಒಳಲೆಯಲ್ಲಿ ಕುಡಿಸಬಹುದು, ಆದರೆ ಅದರ ಅಭ್ಯಾಸವನ್ನು ನೀವು ಕೆಲಸಕ್ಕೆ ಹೋಗುವ ಎರಡು ವಾರ ಮೊದಲೇ, ನೀವು ಎದುರಿಗಿಲ್ಲದಾಗ, ಅತ್ತೆಯವರ ಕೈಯಿಂದಲೇ ಮಾಡಿಸಿ.