ಕೆಲಸವೂ ಬೇಕು, ಕಲೆಯೂ ಬೇಕು: ಸಿಸ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಪಿಯುಸಿ ರಿಸಲ್ಟ್ ಬಂದಾಗಿನಿಂದ ನಮ್ಮ ಗುಂಪಿನಲ್ಲಿ ಒಂದೇ ಗಲಾಟೆ. ಮನೆಯವರು ನರ್ಸಿಂಗ್, ಲ್ಯಾಬ್ ಅಂತಾರೆ, ಮಕ್ಕಳು ನಾಟಕ, ಚಿತ್ರ ಅಂತಾರೆ. ಇವತ್ತು ಉತ್ತರ ಕೊಡುವವರು ಶಿವಮೊಗ್ಗದ ಸರ್ಕಾರಿ ಆಸ್ಪತ್ರೆಯೊಂದರ ಹಿರಿಯ ಶುಶ್ರೂಷಾಧಿಕಾರಿ. ಊರಿನ ಹವ್ಯಾಸಿ ನಾಟಕ ತಂಡದಲ್ಲೂ ಇದ್ದಾರೆ. ಹೆಸರು ಬೇಡ ಅಂದಿದ್ದಾರೆ, ಸಿಸ್ಟರ್ ಅಂತಲೇ ಕರೆಯಿರಿ.

ಸಾಗರದ ವಿದ್ಯಾರ್ಥಿನಿ: ಸಿಸ್ಟರ್, ಪಿಸಿಎಂಬಿ ಮುಗಿಸಿದ್ದೇನೆ. ಅಜ್ಜಿಯಿಂದ ಹಸೆ ಚಿತ್ತಾರ, ಅಂದರೆ ಮಣ್ಣಿನ ಗೋಡೆ ಮೇಲೆ ಬರೆಯುವ ಚಿತ್ರ ಕಲಿತಿದ್ದೇನೆ. ಮದುವೆ ಮನೆಗಳಿಗೆ ಬರೆದುಕೊಡುತ್ತೇನೆ, ಈಚೆಗೆ ಹೋಂಸ್ಟೇಯವರೂ ಕರೆಯುತ್ತಾರೆ. ಅಪ್ಪ ಬಿಎಸ್ಸಿ ನರ್ಸಿಂಗ್ ಸೇರು ಅಂತಾರೆ. ಸೇರಿದರೆ ಚಿತ್ತಾರ ಅಲ್ಲಿಗೇ ಮುಗೀತಾ?

ಸಿಸ್ಟರ್: ಮುಗಿಯಲ್ಲ ತಂಗಿ. ಆದರೆ ನಾಲ್ಕು ವರ್ಷ ಸೊರಗುತ್ತದೆ, ಅದನ್ನು ಮೊದಲೇ ತಿಳಿದುಕೊಂಡು ಸೇರು. ಕೆಲಸದ ವರ್ಷಗಳಿಗಿಂತ ಓದುವ ವರ್ಷಗಳೇ ಕಷ್ಟ. ಬೆಳಿಗ್ಗೆ ವಾರ್ಡಿನಲ್ಲಿ ಪೋಸ್ಟಿಂಗ್, ಆಮೇಲೆ ಕ್ಲಾಸು, ರಾತ್ರಿ ಕೂತು ರೋಗಿಯ ಆರೈಕೆಯ ಯೋಜನೆ (ಕೇರ್ ಪ್ಲಾನ್) ಬರೆಯಬೇಕು. ಹಾಜರಿ ಕಡಿಮೆ ಆದರೆ ಪರೀಕ್ಷೆಗೆ ಕೂರಿಸಲ್ಲ. ಹಾಸ್ಟೆಲ್ ಗೋಡೆಗೆ ಕೆಮ್ಮಣ್ಣು ಬಳಿಯಲು ಯಾವ ವಾರ್ಡನ್ನೂ ಬಿಡಲ್ಲ, ಅಲ್ವಾ? ಹಾಗಾಗಿ ಅಷ್ಟು ದಿನ ಕೈಯಗಲದ ಕೆಲಸ ಇಟ್ಟುಕೋ. ಕಾಗದ, ಬಟ್ಟೆ, ಸಣ್ಣ ಹಲಗೆ. ಪುಂಡಿ ನಾರಿನ ಕುಂಚ ಬ್ಯಾಗಿನಲ್ಲಿ ಇರಲಿ. ಭೂಮಿ ಹುಣ್ಣಿಮೆಗೆ ಮನೆಗೆ ಹೋಗಿ ಬುಟ್ಟಿಗೆ ಚಿತ್ತಾರ ಬರೆದು ಬಾ. ಗೆರೆ ಕೈಬಿಟ್ಟು ಹೋಗದಿದ್ದರೆ ಸಾಕು.

ಕೆಲಸಕ್ಕೆ ಸೇರಿದ ಮೇಲೆ ಲೆಕ್ಕ ಬೇರೆ. ನಮ್ಮಲ್ಲಿ ಸಾಮಾನ್ಯವಾಗಿ ಬೆಳಿಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ ರಾತ್ರಿ 8, ನೈಟ್ ಅಂದರೆ ರಾತ್ರಿ 8ರಿಂದ ಬೆಳಿಗ್ಗೆ 8. ಒಬ್ಬರೇ ಕೂತು ಮಾಡುವ ಕಲೆ ಈ ಶಿಫ್ಟಿಗೆ ಒಗ್ಗುತ್ತದೆ. ನಾಲ್ಕು ಜನ ಒಂದೇ ಹೊತ್ತಿಗೆ ಸೇರಬೇಕಾದ ಕಲೆ ಒಗ್ಗಲ್ಲ. ನಿನ್ನದು ಮೊದಲನೆಯದು, ಮಧ್ಯಾಹ್ನ 3ಕ್ಕೂ ಬರೆಯಬಹುದು. ನನ್ನದು ಎರಡನೆಯದು. ರಿಹರ್ಸಲ್ ಇರುವುದೇ ಸಂಜೆ. ಇವ್ನಿಂಗ್ ಡ್ಯೂಟಿ ಬಿದ್ದ ವಾರ ತಂಡದವರು ನನ್ನ ಪಾತ್ರಕ್ಕೆ ಒಂದು ಕುರ್ಚಿ ಇಟ್ಟುಕೊಂಡು ಅಭ್ಯಾಸ ಮಾಡುತ್ತಾರೆ. ಶೋ ದಿನ ಬಿಡುವು ಬೇಕಾದರೆ ಯಾರ ಜೊತೆಗಾದರೂ ಡ್ಯೂಟಿ ಅದಲುಬದಲು ಮಾಡಿಕೊಳ್ಳಬೇಕು. ಅದಕ್ಕೇ ಎಷ್ಟೋ ಯುಗಾದಿ, ದೀಪಾವಳಿ ನಾನು ವಾರ್ಡಿನಲ್ಲೇ ಇದ್ದೆ. ಸುಮ್ನೆ ಕೇಳಿದರೆ ಯಾರೂ ಅದಲುಬದಲು ಮಾಡಲ್ಲ.

ಇನ್ನೊಂದು ಮಾತು, ಇದು ಅಪ್ಪನಿಗೂ ಸೇರಿ. ಯಾರಾದರೂ ನೆಂಟರು ಅಡ್ಮಿಟ್ ಆಗಿದ್ದರೆ ಒಂದು ರಾತ್ರಿ ಜೊತೆಗಿದ್ದು ನೋಡು. ವಾಂತಿ, ಮಲ, ಕೀವು, ಅಳು ಎಲ್ಲ ಇರುತ್ತದೆ. ಬೆಳಿಗ್ಗೆ ಎದ್ದಾಗ “ಪಾಪ, ಅವರಿಗೆ ಇನ್ನೇನು ಮಾಡಬಹುದಿತ್ತು” ಅನ್ನಿಸಿದರೆ ಸೇರು. ಇಲ್ಲಿಂದ ಯಾವಾಗ ಓಡುತ್ತೇನೋ ಅನ್ನಿಸಿದರೆ ಬೇಡ. ಸಂಬಳ ಖಾತ್ರಿ ಅಂತ ಮಾತ್ರ ಸೇರಿದವರು ನನ್ನ ಕಣ್ಣೆದುರೇ ಒಣಗಿಹೋಗಿದ್ದಾರೆ. ಅವರ ಕೈಯಲ್ಲಿ ರೋಗಿಗಳೂ ಸುಖವಾಗಿರಲಿಲ್ಲ.

ಹೊಸನಗರದ ಯುವಕ: ಅಕ್ಕಾ, ನಾನು ಯಕ್ಷಗಾನದಲ್ಲಿ ವೇಷ ಮಾಡುತ್ತೇನೆ. ಲ್ಯಾಬ್ ಟೆಕ್ನಿಷಿಯನ್ ಆಗೋದಾ, ನರ್ಸಿಂಗಾ? ಗಂಡು ಹುಡುಗ ನರ್ಸಿಂಗ್ ಅಂದರೆ ಊರಲ್ಲಿ ನಗುತ್ತಾರೆ.

ಸಿಸ್ಟರ್: ನಗುವವರಿಗೇ ಆಕ್ಸಿಡೆಂಟ್ ಆದಾಗ ಎಮರ್ಜೆನ್ಸಿಯಲ್ಲಿ ಎತ್ತಿ ಮಲಗಿಸುವವನು ಬ್ರದರ್. ಆ ಮಾತು ಬಿಡು. ನಿನ್ನ ನಿಜವಾದ ತೊಡಕು ಕ್ಯಾಲೆಂಡರಿನಲ್ಲಿದೆ.

ಮೇಳದ ತಿರುಗಾಟ ಚಳಿಗಾಲಕ್ಕೆ ಶುರುವಾಗಿ ಮಳೆ ಹಿಡಿಯುವ ತನಕ ಅಲ್ವಾ? ನಮ್ಮ ಕಡೆ ಮಂಗನ ಕಾಯಿಲೆಯ ಕಾಲವೂ ಹೆಚ್ಚುಕಮ್ಮಿ ಅದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಕಂಡ ಕಾಯಿಲೆ, ಈಗಲೂ ಡಿಸೆಂಬರಿನಿಂದ ಮೇವರೆಗೆ ಇಲಾಖೆಯವರ ನಿದ್ದೆ ಕೆಡಿಸುತ್ತದೆ. ಹೊಸನಗರ, ತೀರ್ಥಹಳ್ಳಿ, ಸಾಗರದ ಕಾಡಂಚಿನ ಪಿಎಚ್‌ಸಿಗೆ ಹಾಕಿದರೆ ಜ್ವರದ ಸರ್ವೆ, ರಕ್ತದ ಸ್ಯಾಂಪಲ್, ಉಣುಗು ಕಚ್ಚದಂತೆ ಹಚ್ಚಿಕೊಳ್ಳುವ ಡೇಪಾ ಎಣ್ಣೆ ಹಂಚುವುದು, ಎಲ್ಲ ಆಗಲೇ. ನಿನ್ನ ಸೀಸನ್ನೂ ಇಲಾಖೆಯ ಸೀಸನ್ನೂ ಒಂದೇ ಆಯಿತು. ರಜೆ ಕೇಳಿದರೆ ಡಾಕ್ಟರು ಮುಖ ನೋಡುತ್ತಾರೆ. ಮಳೆಗಾಲದಲ್ಲಿ ಡೆಂಗಿ, ಇಲಿಜ್ವರ ಇದ್ದರೂ ಸಂಜೆ ಹೊತ್ತು ತಾಳಮದ್ದಳೆಗೆ, ಕೂತು ಮಾತಿನಲ್ಲೇ ನಡೆಸುವ ಪ್ರಸಂಗಕ್ಕೆ ಕೂರಬಹುದು. ಅದರಲ್ಲಿ ವೇಷ ಕಟ್ಟುವುದು, ಬಣ್ಣ ತೆಗೆಯುವುದು ಇರಲ್ಲ. ಪದ್ಯಕ್ಕೆ ಮಾತು ಕಟ್ಟಿ ಹೇಳುವ ಅರ್ಥಗಾರಿಕೆ ಕಲಿತುಕೋ, ಕೆಲಸದ ಜೊತೆ ವರ್ಷಪೂರ್ತಿ ಉಳಿಯುವುದು ಅದೇ. ವೇಷ ಬೇಕೇ ಬೇಕು ಅಂದರೆ ಮಧ್ಯರಾತ್ರಿಯೊಳಗೆ ಮುಗಿಯುವ ಕಾಲಮಿತಿ ಆಟಗಳನ್ನು ಹಿಡಿ.

ಲ್ಯಾಬಿಗೆ ರಾತ್ರಿ ಕೆಲಸ ಕಡಿಮೆ ಅಂತ ನಂಬಿಕೆ ಇದೆ. ತಾಲ್ಲೂಕು ಮಟ್ಟದ ಸಣ್ಣ ಲ್ಯಾಬಿನಲ್ಲಿ ಅದು ಸರಿ. ಆದರೆ ಖಾಲಿ ಹೊಟ್ಟೆಯ ಶುಗರ್ ಪರೀಕ್ಷೆಗೆ ಜನ ಬೆಳಗ್ಗೆಯೇ ಬಂದು ನಿಲ್ಲುತ್ತಾರೆ. ರಾತ್ರಿಯಿಡೀ ಕುಣಿದು ಬಂದು ಸೂಜಿ ಹಿಡಿಯಬೇಡ. ದೊಡ್ಡ ಆಸ್ಪತ್ರೆಯ ಲ್ಯಾಬಿಗೆ, ಬ್ಲಡ್ ಬ್ಯಾಂಕಿಗೆ ನೈಟ್ ಇದ್ದೇ ಇರುತ್ತದೆ. ಅಲ್ಲಿ ನಿದ್ದೆಗಣ್ಣಿನಲ್ಲಿ ಗ್ರೂಪ್ ತಪ್ಪು ಬರೆದರೆ ಒಂದು ಜೀವವೇ ಹೋಗಬಹುದು. ನನ್ನ ಕೇಳಿದರೆ, ನಿನಗೆ ಲ್ಯಾಬ್ ಒಳ್ಳೆಯದು. ಡಿಪ್ಲೊಮಾ ಬೇಗ ಮುಗಿಯುತ್ತದೆ. ಬಿಎಸ್ಸಿ ಎಂಎಲ್‌ಟಿ (ಲ್ಯಾಬ್ ತಂತ್ರಜ್ಞಾನದ ಡಿಗ್ರಿ) ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷ, ಆದರೆ ಮುಂದಕ್ಕೆ ದಾರಿ ಜಾಸ್ತಿ.

ಭದ್ರಾವತಿಯಿಂದ: ನಾನು ಕಾಮರ್ಸ್. ನರ್ಸಿಂಗಿಗೆ ದಾರಿಯೇ ಇಲ್ವಾ ಮೇಡಂ?

ಸಿಸ್ಟರ್: ಬಿಎಸ್ಸಿ ನರ್ಸಿಂಗಿಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಬೇಕೇ ಬೇಕು. ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾ ಜಿಎನ್‌ಎಂಗೆ ಬೇರೆ ವಿಭಾಗದವರನ್ನೂ ತೆಗೆದುಕೊಳ್ಳುತ್ತಾರೆ, ಇಂಗ್ಲಿಷ್ ಓದಿರಬೇಕು. ಆಮೇಲೆ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿಕೊಳ್ಳಬಹುದು.

ರಂಗಕರ್ಮಿಯೊಬ್ಬರು: ಸಿಸ್ಟರ್, ಬೇಸರ ಮಾಡ್ಕೋಬೇಡಿ. ನಾನು ಹೆಗ್ಗೋಡಿನಲ್ಲಿ, ನೀನಾಸಂನಲ್ಲಿ ಕಲಿತವನು. ಕಲೆಗೆ ಪೂರ್ತಿ ಆಯುಷ್ಯ ಬೇಕು. ನೀವು ಮಕ್ಕಳಿಗೆ ಎರಡು ದೋಣಿ ಮೇಲೆ ಕಾಲಿಡಲು ಹೇಳುತ್ತಿದ್ದೀರಿ.

ಸಿಸ್ಟರ್: ಬೇಸರ ಇಲ್ಲ ಸರ್. ಅರ್ಧ ಒಪ್ಪುತ್ತೇನೆ. ನೀನಾಸಂನಲ್ಲಿ 1980ರಿಂದ ನಡೆಯುತ್ತಿರುವ ರಂಗಶಿಕ್ಷಣ ಅಲ್ಲೇ ಇದ್ದು ಕಲಿಯುವಂಥದ್ದು, ಡ್ಯೂಟಿ ಮುಗಿಸಿ ಸಂಜೆ ಹೋಗಿ ಬರುವುದಲ್ಲ. ಅಂಥ ಕಸುಬುದಾರಿಕೆ ನನಗಿಲ್ಲ, ನನ್ನ ಮಾತು ಕೂಡ ಮೂರನೇ ಸಾಲಿಗೆ ಸರಿಯಾಗಿ ಕೇಳಿಸಲ್ಲ ಅಂತ ನಮ್ಮ ನಿರ್ದೇಶಕರು ಬೈಯುತ್ತಾರೆ. ನಟನೆಯೇ ಬದುಕು ಅನ್ನುವ ಮಗು ಇದ್ದರೆ ಮೊದಲು ಅಲ್ಲಿಗೆ ಅರ್ಜಿ ಹಾಕಲಿ. ಹೋಗಿ ಬಂದು ನರ್ಸಿಂಗ್ ಸೇರಲು ವಯಸ್ಸು ಮೀರಿರುವುದಿಲ್ಲ. ಆದರೆ ಈ ಗುಂಪಿನಲ್ಲಿ ಕೇಳುತ್ತಿರುವವರಲ್ಲಿ ಹೆಚ್ಚಿನವರ ಮನೆಯಲ್ಲಿ ಎರಡು ಎಕರೆ ಅಡಿಕೆ, ಅದಕ್ಕೆ ಎಲೆಚುಕ್ಕಿ ರೋಗ, ಸೊಸೈಟಿಯಲ್ಲಿ ಸಾಲ. ಅವರಿಗೆ ಸಂಬಳ ಬಂದರೆ ಮಾತ್ರ ಕಲೆ ಉಳಿಯುತ್ತದೆ. ತೀರ್ಥಹಳ್ಳಿಯಲ್ಲಿ ಹುಟ್ಟಿದ ಅನುಪಮಾ ನಿರಂಜನ ರೋಗಿಗಳನ್ನು ನೋಡುತ್ತಲೇ ಕಾದಂಬರಿ ಬರೆದರು. ಆದರೆ ಬರವಣಿಗೆ ಒಬ್ಬರೇ ಮಾಡುವ ಕೆಲಸ, ಮೇಲೆ ಹೇಳಿದ್ದೇ.

ತೀರ್ಥಹಳ್ಳಿಯ ಪೋಷಕರು: ಮಗಳಿಗೆ ಸುಗಮ ಸಂಗೀತದ ಹುಚ್ಚು. ಮನಸ್ಸು ಆ ಕಡೆ ಇದ್ದರೆ ರೋಗಿಗೆ ತೊಂದರೆ ಆಗಲ್ವಾ?

ಸಿಸ್ಟರ್: ಹಾಡಿನಿಂದ ಆಗಲ್ಲ ಸರ್, ನಿದ್ದೆ ಇಲ್ಲದೆ ಆಗುತ್ತದೆ. ನೈಟ್ ಮುಗಿಸಿ ಮಲಗದೆ ಕಾರ್ಯಕ್ರಮಕ್ಕೆ ಹೋಗಿ ಮತ್ತೆ ನೈಟಿಗೆ ಬರುವುದು ಬೇಡ ಅಂತ ಅವಳಿಗೆ ಹೇಳಿ. ನೀವು ತಲೆಕೆಡಿಸಿಕೊಳ್ಳಬೇಕಾದದ್ದು ಕಾಲೇಜಿನ ಬಗ್ಗೆ. ಅದಕ್ಕೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಮಾನ್ಯತೆ ಇದೆಯಾ, ನರ್ಸಿಂಗ್ ಕೌನ್ಸಿಲ್ ಅನುಮತಿ ಇದೆಯಾ, ಮಕ್ಕಳು ಕಲಿಯುವ ಆಸ್ಪತ್ರೆ ಯಾವುದು ಅಂತ ಕೇಳಿ. ಆ ಆಸ್ಪತ್ರೆಗೆ ನೀವೇ ಹೋಗಿ ಬೆಡ್‌ಗಳಲ್ಲಿ ರೋಗಿಗಳಿದ್ದಾರಾ ನೋಡಿ. ಸರ್ಕಾರಿ ಕೋಟಾದ ಸೀಟು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಮೂಲಕ ಸಿಗುತ್ತದೆ, ಏಜೆಂಟ್ ಬೇಕಿಲ್ಲ. ಒರಿಜಿನಲ್ ಅಂಕಪಟ್ಟಿ ಕೊಟ್ಟರೆ ರಸೀದಿ ಬರೆಸಿಕೊಳ್ಳಿ. ಮಧ್ಯೆ ಬಿಟ್ಟರೆ ಪೂರ್ತಿ ಫೀಸು ಕಟ್ಟಿ ಅಂತ ಸರ್ಟಿಫಿಕೇಟ್ ಹಿಡಿದಿಟ್ಟುಕೊಂಡವರಿದ್ದಾರೆ.

ಶಿಕಾರಿಪುರದಿಂದ: ಸಿಸ್ಟರ್, ಡ್ಯೂಟಿಯಲ್ಲಿ ರೀಲ್ಸ್ ಮಾಡಬಹುದಾ? ಸರ್ಕಾರಿ ಕೆಲಸ ಸಿಕ್ಕರೆ ಸೀರಿಯಲ್‌ನಲ್ಲಿ ನಟಿಸಬಹುದಾ?

ಸಿಸ್ಟರ್: ವಾರ್ಡಿನಲ್ಲಿ ರೀಲ್ಸ್ ಬೇಡ. ಹಿಂದೆ ಮಲಗಿರುವವರು ಯಾರದ್ದೋ ಅಮ್ಮ, ಅವರ ಸೆರಗು ಸರಿ ಇರಲ್ಲ. ಕತೆ ಬರೆದರೂ ಅಷ್ಟೇ. ನಮ್ಮೂರುಗಳು ಸಣ್ಣವು. ಊರು, ಜಾತಿ, ಕಾಯಿಲೆ ಮೂರನ್ನೂ ಬದಲಿಸಿದರೂ ಓದುವವರು ಗುರುತು ಹಿಡಿಯುತ್ತಾರೆ.

ಸೀರಿಯಲ್, ಸಿನಿಮಾಗೆ ರಾಜ್ಯ ಸರ್ಕಾರಿ ನೌಕರರ 2021ರ ನಡತೆ ನಿಯಮಗಳ ಪ್ರಕಾರ ಮೊದಲೇ ಅನುಮತಿ ಪಡೆಯಬೇಕು. ಬಾಯಿಮಾತಿನ “ಮಾಡ್ರೀ ಪರವಾಗಿಲ್ಲ” ಲೆಕ್ಕಕ್ಕೆ ಬರಲ್ಲ. ಕಚೇರಿಗೆ ಅರ್ಜಿ ಕೊಟ್ಟು, ಸೀಲ್ ಹಾಕಿದ ಪ್ರತಿ ಇಟ್ಟುಕೊಳ್ಳಿ.

ಶಿವಮೊಗ್ಗದ ಸ್ಟಾಫ್ ನರ್ಸ್: ಅಕ್ಕಾ, ನಾನು ಖಾಸಗಿ ಆಸ್ಪತ್ರೆಯಲ್ಲಿ ಇದ್ದೇನೆ. 12 ಗಂಟೆ ಡ್ಯೂಟಿ. ಕತೆ ಬರೆಯಲು ಕೂತರೆ ಅಲ್ಲೇ ನಿದ್ದೆ. ಡಯಾಲಿಸಿಸ್ ವಿಭಾಗಕ್ಕೆ ಹಾಕಿಸಿಕೊಳ್ಳಲಾ, ಇಲ್ಲ ಹಳ್ಳಿ ಕಡೆ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಆಗಿ ಹೋಗಲಾ?

ಸಿಸ್ಟರ್: ಸಿಎಚ್‌ಒ ಹಗಲು ಕೆಲಸ, ಬರೆಯುವವರಿಗೆ ಅನುಕೂಲ. ಆದರೆ ಗುತ್ತಿಗೆ ನೌಕರಿ. ಆ್ಯಪ್‌ನಲ್ಲಿ ಎಂಟ್ರಿ ಮಾಡುವುದೇ ಒಂದು ದೊಡ್ಡ ಕೆಲಸ. ಡಯಾಲಿಸಿಸ್‌ನಲ್ಲಿ ಒಂದು ಸರದಿ ಸುಮಾರು ನಾಲ್ಕು ಗಂಟೆ. ಅವೇ ರೋಗಿಗಳು ವಾರಕ್ಕೆ ಎರಡು ಮೂರು ಸಲ ಬರುತ್ತಾರೆ, ದಿನದ ಅಂದಾಜು ಸಿಗುತ್ತದೆ. ಒಂದೇ ಕಷ್ಟ, ವರ್ಷಗಟ್ಟಲೆ ಮಾತಾಡಿಸಿದವರು ಒಂದು ದಿನ ಬರುವುದಿಲ್ಲ. ಅದನ್ನು ತಡೆದುಕೊಳ್ಳುತ್ತೀಯಾ ಅಂತ ನೀನೇ ನೋಡಿಕೋ. ಕೇಳುವ ಮುಂಚೆ ಅಲ್ಲಿನ ಇನ್‌ಚಾರ್ಜ್ ಹತ್ತಿರ ಎರಡು ವಿಷಯ ವಿಚಾರಿಸು: ರಾತ್ರಿ ಎಮರ್ಜೆನ್ಸಿಗೆ ಆನ್ ಕಾಲ್ ಯಾರು, ಭಾನುವಾರ ಯಂತ್ರ ಓಡುತ್ತಾ. ಎರಡಕ್ಕೂ ನಿನ್ನ ಹೆಸರೇ ಬರುವ ಹಾಗಿದ್ದರೆ ಈಗಿರುವ ವಾರ್ಡೇ ವಾಸಿ. ಅಲ್ಲಿ ವಾರಕ್ಕೊಂದು ಆಫ್ ಖಾಯಂ ಮಾಡಿಸಿಕೋ.