ಹಳೇ ತೊಟ್ಟಿಮನೆ ಬಿಚ್ಚುವ ಮುಂಚೆ ಎಲ್ಲೆಲ್ಲಿ ನೋಡಬೇಕು?

ಪ್ರಶ್ನೆ: ಸಕಲೇಶಪುರದ ಕಡೆ ಅಜ್ಜನ ಕಾಲದ ಮಣ್ಣುಗೋಡೆ ಮನೆ. ಮಳೆಗಾಲಕ್ಕೆ ಮೊದಲೇ ಕೆಡವಬೇಕು. ಗೋಡೆಯಲ್ಲಿ ಹಣ ಇಟ್ಟಿದ್ದರು ಅಂತ ಮನೆಯವರ ಮಾತು. ಜೆಸಿಬಿ ತರಿಸುವ ಮುಂಚೆ ಹೇಗೆ ಹುಡುಕೋದು?

ಉತ್ತರ 1: ಮೊದಲು ಟೇಪ್ ಹಿಡಿಯಿರಿ. ಪ್ರತಿ ಕೋಣೆಯ ಒಳ ಅಳತೆ, ಹೊರ ಅಳತೆ ಬರೆದುಕೊಂಡು ಗೋಡೆಯ ದಪ್ಪ ಲೆಕ್ಕ ಹಾಕಿ. ಒಂದೇ ಕಡೆ ಅರ್ಧ ಅಡಿ ಹೆಚ್ಚು ಬಂದರೆ ಅಲ್ಲಿ ಮುಚ್ಚಿದ ಗೂಡು ಇರಬಹುದು. ಮರದ ಹಿಡಿಯಿಂದ ತಟ್ಟಿ ನೋಡಿ. ಆದರೆ ಇಲಿ ಬಿಲ, ಗೆದ್ದಲು ತಿಂದ ಜಾಗವೂ ಟೊಳ್ಳು ಸದ್ದೇ ಕೊಡುತ್ತದೆ. ದೇವರ ಕೋಣೆ, ಕಣಜದ ತಳ, ಅಟ್ಟದ ಹಲಗೆ ಸಂದಿ ಬಿಡಬೇಡಿ. ಹೆಂಚು ಇಳಿಸದೆ ತೊಲೆಯ ಕೆಳಗಿನ ಗೋಡೆ ಕೊರೆಯಬೇಡಿ, ಮಾಡು ಕೂರುತ್ತದೆ. ಸಂದಿಗೆ ಬರಿಗೈ ಹಾಕಬೇಡಿ, ಚೇಳು ಇರುತ್ತವೆ.

ಉತ್ತರ 2: ನಾಣ್ಯ ಸಿಕ್ಕರೆ ಹುಣಸೆಹಣ್ಣು ಹಾಕಿ ಉಜ್ಜೋರೇ ಜಾಸ್ತಿ, ದಯವಿಟ್ಟು ಬೇಡ. ಸಂಗ್ರಹಕಾರರು ಬೆಲೆ ಕಟ್ಟುವುದು ಹಳೇ ಬಣ್ಣಕ್ಕೂ ಸೇರಿ. ಐದನೇ ಜಾರ್ಜ್ ಬೆಳ್ಳಿ ರೂಪಾಯಿ ಸುಮಾರು 11.66 ಗ್ರಾಂ. 1947ರ ಹುಲಿ ಚಿತ್ರದ ರೂಪಾಯಿ ನಿಕ್ಕಲ್, ಅಯಸ್ಕಾಂತಕ್ಕೆ ಅಂಟುತ್ತದೆ. ಅದನ್ನು ಬೆಳ್ಳಿ ಅಂದ್ಕೊಂಡು ಹಂಚಿಕೊಳ್ಳೋಕೆ ಜಗಳ ಆಡಬೇಡಿ.

ಉತ್ತರ 3: ಟ್ರಂಕಿನಲ್ಲಿ ಸಿಕ್ಕಿದ್ದು ಬೇರೆ, ನೆಲದಲ್ಲಿ ಗೋಡೆಯಲ್ಲಿ ಹುದುಗಿದ್ದು ಬೇರೆ. ಎರಡನೆಯದಕ್ಕೆ ನಿಧಿ ಕಾಯ್ದೆ ಅನ್ವಯಿಸಬಹುದು. ಇದ್ದಲ್ಲೇ ಫೋಟೊ ತೆಗೆದು, ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಿ. ಕರಗಿಸಿದರೆ, ಮುಚ್ಚಿಟ್ಟರೆ ಕೇಸು. ಕೂಲಿಯವರಿಗೆ ಇದನ್ನು ಮೊದಲೇ ಹೇಳಿಬಿಡಿ.