ದೊಡ್ಡ ವಿಶ್ವವಿದ್ಯಾಲಯಕ್ಕೆ ಹೊಸದಾಗಿ ಸೇರುವವರಿಗೆ ಏನು ಹೇಳುತ್ತೀರಿ?

ನನ್ನ ತಂಗಿ ಮುಂದಿನ ತಿಂಗಳು ದೊಡ್ಡದೊಂದು ಸರ್ಕಾರಿ ವಿಶ್ವವಿದ್ಯಾಲಯ ಸೇರುತ್ತಿದ್ದಾಳೆ. ಇಷ್ಟು ದಿನ ಓದಿದ್ದು ಚಿಕ್ಕ ಕಾಲೇಜಿನಲ್ಲಿ. ಅಲ್ಲಿ ಎಲ್ಲರಿಗೂ ಅವಳ ಹೆಸರು ಗೊತ್ತಿತ್ತು. ಈಗ ಸಾವಿರಾರು ಜನರ ನಡುವೆ ಏನು ಮಾಡಲಿ ಎಂದು ಭಯಪಡುತ್ತಿದ್ದಾಳೆ. ಅಂಥ ಕಡೆ ಓದಿದವರು ನಿಮ್ಮ ಅನುಭವ ಹೇಳಿ.

ಉತ್ತರ 1
ನಾನು 5 ವರ್ಷ ಅಂಥ ಕಡೆ ಇದ್ದೆ. ಮೊದಲು ತಿಳಿಯಬೇಕಾದದ್ದು, ಯಾವ ಕೆಲಸ ಯಾರ ಹತ್ತಿರ ಎನ್ನುವುದು. ಕುಲಪತಿಗಳ ಹತ್ತಿರ ನಮ್ಮಂಥವರಿಗೆ ಕೆಲಸವೇ ಬೀಳುವುದಿಲ್ಲ. ದಾಖಲೆಗಳೆಲ್ಲ ಕುಲಸಚಿವರ ಕಚೇರಿಯ ಲೆಕ್ಕ. ಆದರೆ ದಿನನಿತ್ಯದ ತೊಂದರೆಗಳು ನಿಮ್ಮ ವಿಭಾಗದ ಕಚೇರಿಯಲ್ಲೇ ಬಗೆಹರಿಯುತ್ತವೆ. ಅಲ್ಲಿ ವರ್ಷಗಟ್ಟಲೆ ಕೂತ ಗುಮಾಸ್ತರೊಬ್ಬರು ಇದ್ದೇ ಇರುತ್ತಾರೆ. ಯಾವ ಅರ್ಜಿ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ಅವರಿಗೆ ಮೇಷ್ಟ್ರುಗಳಿಗಿಂತ ಚೆನ್ನಾಗಿ ಗೊತ್ತು. ಕೆಲಸ ಇಲ್ಲದಾಗಲೂ ಒಂದು ನಮಸ್ಕಾರ ಹಾಕಿ ಬರಲಿ.

ನನ್ನ ಪೆದ್ದುತನ ಕೇಳಿ. ಗುರುತಿನ ಚೀಟಿಯಲ್ಲಿ ನನ್ನ ಹೆಸರಿನ ಒಂದಕ್ಷರ ತಪ್ಪಿತ್ತು. ಆಮೇಲೆ ನೋಡೋಣ ಎಂದು ಸುಮ್ನೆ ಬಿಟ್ಟೆ. ಅದೇ ತಪ್ಪು ಅಂಕಪಟ್ಟಿಗೆ ಹೋಯಿತು, ಕೊನೆಗೆ ಪದವಿ ಪ್ರಮಾಣಪತ್ರಕ್ಕೂ ಬಂತು. ತಿದ್ದಿಸಲು ಅರ್ಜಿ ಕೊಟ್ಟರೆ, ಅದು ಕಳೆದುಹೋಯಿತು. ಕೊಟ್ಟಿದ್ದಕ್ಕೆ ನನ್ನ ಹತ್ತಿರ ಸಾಕ್ಷಿ ಇರಲಿಲ್ಲ. ಎರಡನೇ ಸಲ 2 ಪ್ರತಿ ಒಯ್ದೆ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಕು ಹಾಕಿಸಿಕೊಂಡೆ. ಆಮೇಲೆ ಯಾರೂ ‘ನಿಮ್ಮ ಅರ್ಜಿ ಬಂದೇ ಇಲ್ಲ’ ಎನ್ನಲಿಲ್ಲ.

ಉತ್ತರ 2
ಲೈಬ್ರರಿ ಬಿಟ್ಟಿರಲ್ಲ! ಓದುವ ಜಾಗ ಅಂದುಕೊಂಡು ಅಲ್ಲಿ ಬರೀ ಕುರ್ಚಿ ಹಿಡಿದು ಕೂರುವವರೇ ಜಾಸ್ತಿ. ಪುಸ್ತಕದ ಬೆನ್ನಿನ ಮೇಲಿನ ಸಂಖ್ಯೆ ಓದಲು ಕಲಿಯಲಿ. ತುಂಬಾ ಕಡೆ ಇರುವುದು 1876ರಲ್ಲಿ ಶುರುವಾದ ಡ್ಯೂಯಿ ಪದ್ಧತಿ, ಅಂದರೆ ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಕ್ರಮ. 500ರಿಂದ ವಿಜ್ಞಾನ, 800ರಿಂದ ಸಾಹಿತ್ಯ, 900ರಿಂದ ಇತಿಹಾಸ ಮತ್ತು ಭೂಗೋಳ. ಒಂದೇ ವಿಷಯದ ಪುಸ್ತಕಗಳು ಅಕ್ಕಪಕ್ಕ ಇರುತ್ತವೆ. ನಾನು ಹುಡುಕಿ ಹೋದ ಪುಸ್ತಕ ಎಷ್ಟೋ ಸಲ ಸಿಗಲಿಲ್ಲ, ಅದರ ಪಕ್ಕದ್ದು ಸಿಕ್ಕಿ ನನ್ನ ಪ್ರಬಂಧ ಉಳಿಯಿತು. ಬೇಕಾದ್ದು ಅಲ್ಲಿ ಇಲ್ಲವೇ ಇಲ್ಲ ಎಂದಾದರೆ ಬೇರೆ ಲೈಬ್ರರಿಯಿಂದ ತರಿಸಿಕೊಡುತ್ತೀರಾ ಎಂದು ಕೇಳಲಿ. ಈ ಸೌಲಭ್ಯ ಇದ್ದರೂ ಯಾರೂ ತಾವಾಗಿ ಹೇಳುವುದಿಲ್ಲ.

ಉತ್ತರ 3
ಸಂಘಗಳ ವಿಷಯದಲ್ಲಿ ಹುಷಾರು. ಮೊದಲ ವಾರ ನಾಟಕ, ಚಾರಣ, ಚರ್ಚೆ ಅಂತ 7 ಕಡೆ ಹೆಸರು ಬರೆಸಿದ್ದೆ. ಉಳಿದಿದ್ದು ಒಂದೇ, ನಾಟಕ. ಅಲ್ಲಿ ನಾನು ಒಂದು ಪಾತ್ರವನ್ನೂ ಮಾಡಲಿಲ್ಲ, ಪರದೆ ಎಳೆಯುತ್ತಿದ್ದೆ. ಆದರೂ ನನ್ನನ್ನು ಹೆಸರು ಹಿಡಿದು ಕರೆಯುವ 15 ಜನ ಸಿಕ್ಕರು. ಅಷ್ಟು ಸಾಕಲ್ವಾ?

ಉತ್ತರ 4
ನೂರಾರು ಜನರ ತರಗತಿಯಲ್ಲಿ ಮೇಷ್ಟ್ರಿಗೆ ಮುಖ ನೆನಪಿರುವುದಿಲ್ಲ. ಅವರು ಕೊಠಡಿಯಲ್ಲಿ ಸಿಗುವ ಹೊತ್ತು ಕೇಳಿಕೊಂಡು ಹೋಗಲಿ. ‘ಅರ್ಥ ಆಗಲಿಲ್ಲ ಸರ್’ ಎಂದರೆ ಅವರಿಗೂ ಏನೂ ತೋಚುವುದಿಲ್ಲ. ಯಾವ ಸಾಲಿನಲ್ಲಿ ನಿಂತುಹೋದೆ ಎಂದು ತೋರಿಸಬೇಕು. ಮನಸ್ಸು ತೀರಾ ಕುಗ್ಗಿದರೆ ಆಪ್ತ ಸಲಹೆಗಾರರು ಇದ್ದಾರಾ ಎಂದು ಮೊದಲೇ ವಿಚಾರಿಸಿಟ್ಟುಕೊಳ್ಳಲಿ.

ಕೇಳಿದವರು
ಎಲ್ಲರಿಗೂ ಥ್ಯಾಂಕ್ಸ್. ಮೊದಲ ಉತ್ತರ ಓದಿದ ತಕ್ಷಣ ತಂಗಿಯ ಪ್ರವೇಶ ಪತ್ರ ತೆಗೆದು ನೋಡಿದೆವು. ಅಪ್ಪನ ಹೆಸರಿನಲ್ಲಿ ಒಂದು ದೀರ್ಘ ಬಿಟ್ಟುಹೋಗಿದೆ. ನಾಳೆಯೇ ಹೋಗುತ್ತಿದ್ದೇವೆ, 2 ಪ್ರತಿ ಹಿಡಿದುಕೊಂಡು.